ತಿರುಗಿ ಕೇಳಲಾರದವರಿಗೆ ಕೊಟ್ಟ ಮಾತು: ಆಡಿದಂತೆ ನಡೆಯಲು ಒಂದು ಮಾರ್ಗದರ್ಶಿ

ನಮ್ಮ ಕಡೆ ದೇವರಿಗೆ ಹೊತ್ತ ಹರಕೆ ತಪ್ಪಿಸುವವರು ಕಡಿಮೆ. ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂತು ಅಂದರೆ ಸುತ್ತಲಿನ ಹಳ್ಳಿಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ನಮ್ಮ ಓಣಿಯಿಂದ ಇಷ್ಟು ಅಂತ ಒಮ್ಮೆ ಹೇಳಿದರೆ ಮುಗಿಯಿತು, ಹೊಲದ ಕೆಲಸ ಎಷ್ಟೇ ಇರಲಿ, ಮನೆಯಲ್ಲಿ ಯಾರಿಗೇ ಹುಷಾರಿಲ್ಲದಿರಲಿ, ಅಷ್ಟೂ ರೊಟ್ಟಿಯನ್ನು ಗಂಟು ಕಟ್ಟಿ ಟ್ರ್ಯಾಕ್ಟರಿಗೆ ಏರಿಸಿ ಮಹಾದಾಸೋಹಕ್ಕೆ ಮುಟ್ಟಿಸುತ್ತಾರೆ. ಯಾರೂ ಚೀಟಿ ಬರೆಸಿಕೊಂಡಿರುವುದಿಲ್ಲ. ಆದರೂ ಮಾತು ನಡೆಯುತ್ತದೆ.

ಅಂದರೆ ಕೊಟ್ಟ ಮಾತು ಉಳಿಸಿಕೊಳ್ಳುವುದು ನಮಗೆ ಬರುತ್ತದೆ. ತೊಂದರೆ ಇರುವುದು ಯಾರಿಗೆ ಕೊಟ್ಟ ಮಾತು ಅನ್ನುವುದರಲ್ಲಿ. ದೇವರಿಗೆ, ಬ್ಯಾಂಕಿಗೆ, ಗೌಡರಿಗೆ, ಬೀಗರಿಗೆ ಕೊಟ್ಟದ್ದು ಸರಿಯಾಗಿ ನಡೆಯುತ್ತದೆ. ಕಳೆ ತೆಗೆದು ಹೋದ ಹೆಣ್ಣುಮಗಳಿಗೆ "ಸಂತಿ ದಿನ ಕೊಡ್ತೀನಿ ತಗೊಳವ್ವ" ಅಂದದ್ದು ಮಾತ್ರ ಮುಂದಿನ ಸಂತೆಗೆ, ಅದರ ಮುಂದಿನ ಸಂತೆಗೆ ಹೋಗುತ್ತಲೇ ಇರುತ್ತದೆ. ಆಕೆ ಬಾಗಿಲಿಗೆ ಬಂದು ಜೋರು ಮಾಡುವುದಿಲ್ಲ. ಮಾಡಿದರೆ ನಾಳೆ ಕೆಲಸಕ್ಕೆ ಕರೆಯುವುದಿಲ್ಲ ಅನ್ನುವ ಹೆದರಿಕೆ ಆಕೆಗೆ.

ಒಬ್ಬರ ನಡತೆ ಎಂಥದ್ದು ಅಂತ ಗೊತ್ತಾಗುವುದು ಇಲ್ಲೇ ಅಂತ ನಾನು ನಂಬಿದ್ದೇನೆ. ಎಷ್ಟು ಓದಿದ್ದಾರೆ, ಎಷ್ಟು ದಾನ ಮಾಡಿದ್ದಾರೆ ಅನ್ನುವುದೆಲ್ಲ ಆಮೇಲೆ. ತಿರುಗಿ ಕೇಳುವ ಶಕ್ತಿ ಇಲ್ಲದವರಿಗೆ ಕೊಟ್ಟ ಮಾತನ್ನು ಏನು ಮಾಡಿದರು ಅಂತ ಮೊದಲು ನೋಡಬೇಕು.

ಇಂಥ ಮಾತು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಮಸ್ಕಿಯ ಅಶೋಕನ ಶಾಸನದ ಬಗ್ಗೆ ರಾಯಚೂರು ಸೀಮೆಯವರೆಲ್ಲ ಶಾಲೆಯಲ್ಲೇ ಓದಿರುತ್ತೇವೆ. ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅದನ್ನು ಕಂಡುಹಿಡಿದರು, ರಾಜನ ಹೆಸರು ಅಶೋಕ ಅಂತಲೇ ಇದ್ದ ಶಾಸನ ಮೊದಲು ಸಿಕ್ಕಿದ್ದು ಅಲ್ಲೇ. ಇಷ್ಟು ಪರೀಕ್ಷೆಗೆ ಬರುತ್ತಿತ್ತು. ಒಳಗೆ ಏನು ಬರೆದಿದೆ ಅಂತ ಕೇಳಿದರೆ ಬಹಳ ಜನ ಸುಮ್ನಾಗುತ್ತಾರೆ. ಒಳ್ಳೆಯ ದಾರಿ ದೊಡ್ಡವರಿಗೆ ಮಾತ್ರ ಸಿಗುವುದು ಅಂತ ತಿಳಿಯಬೇಡಿ, ಸಣ್ಣವರೂ ಪ್ರಯತ್ನಪಟ್ಟರೆ ಸಾಧಿಸಬಹುದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಅನ್ನುವುದು ಅದರ ತಿರುಳು. ಕೊಪ್ಪಳದ ಗವಿಮಠದ ಬಂಡೆ ಮತ್ತು ಪಾಲ್ಕಿಗುಂಡಿನ ಬಂಡೆ ಮೇಲೂ ಇದೇ ಸಂದೇಶ ಇದೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಕೆತ್ತಿಸಿದ್ದಾನೆ: ತಂದೆತಾಯಿಯ ಮಾತು ಕೇಳಿ, ಹಿರಿಯರಿಗೆ ಮರ್ಯಾದೆ ಕೊಡಿ, ಜೀವಿಗಳ ಮೇಲೆ ದಯೆ ಇರಲಿ, ನಿಜ ಹೇಳಿ. ಕ್ರಿಸ್ತಪೂರ್ವ 3ನೇ ಶತಮಾನದ ಮಾತುಗಳಿವು, ನಮ್ಮ ಮೂರೂ ಜಿಲ್ಲೆಗಳ ಬಂಡೆಗಳ ಮೇಲಿವೆ.

ನಿಜ ಹೇಳಿ ಅನ್ನುವುದನ್ನು ದಿನದ ವ್ಯವಹಾರಕ್ಕೆ ಇಳಿಸುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಮೊದಲ ಎರಡನ್ನು ಈ ವಾರವೇ ಮಾಡಿ.

1. ಬಾಕಿ ಇರುವ ಮಾತುಗಳನ್ನು ಬರೆಯಿರಿ

ಕಿರಾಣಿ ಅಂಗಡಿಯವರು ಉದ್ರಿ ಬರೆಯುವಂಥ ಒಂದು ಸಣ್ಣ ನೋಟ್‌ಬುಕ್ ಸಾಕು. ಒಂದು ಸಂಜೆ ಕೂತು, ನೀವು ಯಾರಿಗೆ ಏನು ಹೇಳಿದ್ದೀರಿ, ಯಾವಾಗ ಅಂತ ಹೇಳಿದ್ದೀರಿ ಅನ್ನುವುದನ್ನು ನೆನಪಾದಂತೆ ಬರೆಯುತ್ತಾ ಹೋಗಿ. ಮೊದಲು ದುಡ್ಡಿನದೇ ನೆನಪಾಗುತ್ತದೆ. ಗೊಬ್ಬರದ ಅಂಗಡಿ, ಸಂಘದ ಕಂತು, ಗೆಳೆಯನ ಕೈಗಡ. ಅಲ್ಲಿಗೇ ನಿಲ್ಲಿಸಬೇಡಿ. "ಕಣ್ಣಿನ ಆಸ್ಪತ್ರಿಗೆ ಕರಕೊಂಡ್ ಹೋಗ್ತೀನವ್ವ" ಅಂತ ತಾಯಿಗೆ ಹೇಳಿದ್ದು, ಹತ್ತನೇ ತರಗತಿ ಪಾಸಾದರೆ ಸೈಕಲ್ ಅಂತ ಮಗನಿಗೆ ಹೇಳಿದ್ದು, ಗುಳೆ ಹೋಗುವಾಗ "ನಮ್ಮ ಮುದುಕರ ಕಡೆ ಸ್ವಲ್ಪ ನೋಡ್ಕೋರಿ" ಅಂದ ಪಕ್ಕದ ಮನೆಯವನಿಗೆ ಹೂಂ ಅಂದದ್ದು, ಇವೂ ಮಾತುಗಳೇ.

ಒಂದು ಮಾತು ಬಹಳ ಮನೆಗಳಲ್ಲಿ ಮರೆತು ಹೋಗಿರುತ್ತದೆ, ಅದನ್ನು ಬೇಕಂತಲೇ ನೆನಪಿಸುತ್ತೇನೆ. ಆಸ್ತಿ ಪಾಲು ಮಾಡುವಾಗ ಅಕ್ಕತಂಗಿಯರನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತೇವೆ. 2005ರ ತಿದ್ದುಪಡಿ ಆದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಅದು ಗೊತ್ತಿದ್ದೂ ತವರುಮನೆ ಬಾಗಿಲು ಮುಚ್ಚಬಾರದು ಅಂತ ಎಷ್ಟೋ ಹೆಣ್ಣುಮಕ್ಕಳು ಸಹಿ ಹಾಕುತ್ತಾರೆ. ಆ ಹೊತ್ತಿನಲ್ಲಿ ಅಣ್ಣತಮ್ಮಂದಿರು "ನಿನ್ನ ಕಷ್ಟಕ್ಕೆ ನಾವಿಲ್ಲೇನು, ಹಬ್ಬ ಹುಣ್ಣಿಮಿಗೆ ಕರೀತೀವಿ, ಮಕ್ಕಳ ಮದುವಿಗೆ ನಿಂತ್ಕೊಂತೀವಿ" ಅಂದಿರುತ್ತಾರೆ. ಪತ್ರದಲ್ಲಿ ಅದು ಇರುವುದಿಲ್ಲ, ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಿಮ್ಮ ನೋಟ್‌ಬುಕ್ಕಿನಲ್ಲಾದರೂ ಇರಲಿ.

ಬರೆದಾದ ಮೇಲೆ ಪ್ರತಿ ಹೆಸರಿನ ಮುಂದೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಮಾತು ತಪ್ಪಿದರೆ ಇವರು ನನ್ನನ್ನು ಕೇಳಬಲ್ಲರಾ? ಕೇಳಲಾರರು ಅನ್ನಿಸಿದ ಹೆಸರಿಗೆಲ್ಲ ಒಂದು ಗುರುತು ಹಾಕಿ.

2. ಗುರುತು ಹಾಕಿದವರಿಂದ ಶುರು ಮಾಡಿ

ಗುರುತು ಇರುವವುಗಳಲ್ಲಿ ಅತಿ ಚಿಕ್ಕದನ್ನು ಆರಿಸಿ. ಕೂಲಿ ಬಾಕಿ ಇದ್ದರೆ ಅದೇ ಮೊದಲು. ಅವರು ಬರಲಿ ಅಂತ ಕಾಯಬೇಡಿ, ದಾರಿಯಲ್ಲಿ ಸಿಕ್ಕಾಗ ಕೊಡೋಣ ಅಂತಲೂ ಬೇಡ. ಅವರ ಮನೆಗೆ ಹೋಗಿ ಪೂರ್ತಿ ಕೊಡಿ. "ತಡ ಆಯ್ತವ್ವ, ತಪ್ಪು ನಂದು" ಅಂದರೆ ಸಾಕು. ಬೆಳೆ ಹೀಗಾಯ್ತು, ರೇಟು ಬಿತ್ತು ಅಂತ ಕಥೆ ಹೇಳಬೇಡಿ, ಅವರೂ ಅದೇ ಊರಲ್ಲಿದ್ದಾರೆ, ಅವರಿಗೂ ಗೊತ್ತು.

ಆಮೇಲೆ ಮುಂದಿನದು. ತಿಂಗಳಿಗೆ ಒಂದೆರಡು ಮುಗಿದರೂ ಅಡ್ಡಿಯಿಲ್ಲ. ದೊಡ್ಡ ಸಾಲ ಮೊದಲು ತೀರಿಸಿ ಆಮೇಲೆ ಇವನ್ನೆಲ್ಲ ನೋಡೋಣ ಅನ್ನುವ ಲೆಕ್ಕ ಹಾಕಿದರೆ ಇವು ಎಂದಿಗೂ ಮುಗಿಯುವುದಿಲ್ಲ. ದೊಡ್ಡ ಸಾಲದವರು ಹೇಗೂ ಬಂದು ಕೇಳುತ್ತಾರೆ, ಅದಕ್ಕೆ ನೀವು ದಾರಿ ಹುಡುಕಿಯೇ ಹುಡುಕುತ್ತೀರಿ.

3. ಹೂಂ ಅನ್ನುವ ಮುಂಚೆ ಸ್ವಲ್ಪ ತಡೆಯಿರಿ

ಮಾತು ತಪ್ಪುವುದು ಕೊಡಬೇಕಾದ ದಿನ ಅಂತ ನಾವು ಅಂದುಕೊಂಡಿದ್ದೇವೆ. ಬಹಳ ಸಲ ಅದು ಹೂಂ ಅಂದ ದಿನವೇ ತಪ್ಪಿರುತ್ತದೆ. ಎದುರಿಗಿದ್ದವರ ಮುಖ ಸಣ್ಣದಾಗಬಾರದು ಅಂತ ಹೂಂ ಅಂದುಬಿಡುತ್ತೇವೆ, ಮನಸ್ಸಿನಲ್ಲಿ ಆಗುವುದಿಲ್ಲ ಅಂತ ಗೊತ್ತೇ ಇರುತ್ತದೆ.

ಕಾರಟಗಿ ಕಡೆ ನಾಟಿ ಹಚ್ಚುವ ಹೆಣ್ಣುಮಕ್ಕಳ ಒಂದು ಗುಂಪಿದೆ. ಗುಂಪನ್ನು ಕರೆದುಕೊಂಡು ಹೋಗುವ ಹೆಣ್ಣುಮಗಳು ಓದಿದವಳಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ಎಲ್ಲರ ಗದ್ದೆಯೂ ಒಮ್ಮೆಲೇ ತಯಾರಾಗುತ್ತದೆ, ಸಸಿಗೆ ವಯಸ್ಸಾಗುತ್ತಿರುತ್ತದೆ, ಎಲ್ಲರಿಗೂ ಆಳು ಇವತ್ತೇ ಬೇಕು. ಆ ಅವಸರದ ದಿನಗಳಲ್ಲಿ ಒಬ್ಬ ರೈತ ಬೈಕ್ ನಿಲ್ಲಿಸಿ ಆಕೆಯನ್ನು ಕೇಳುವುದನ್ನು ಹತ್ತಿರದಿಂದ ನೋಡಿದ್ದೇನೆ. "ಯಕ್ಕಾ, ಬುಧವಾರ ನಮ್ಮ ಗದ್ದಿಗೆ ಬರಬೇಕ್ ನೋಡು, ಎಕರೆಗೆ ಒಂದಿಷ್ಟು ಜಾಸ್ತಿನೇ ಕೊಡ್ತೀನಿ" ಅಂದ. ಆಕೆ ತಕ್ಷಣ ಉತ್ತರ ಕೊಡಲಿಲ್ಲ. ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡಳು. ಬೆರಳು ಮಡಚುತ್ತಾ ಯಾರ ಗದ್ದೆ ಎಲ್ಲಿಗೆ ಬಂದಿದೆ, ಯಾವ ಹುಡುಗಿ ಯಾವ ದಿನ ಬರುವುದಿಲ್ಲ ಅಂದಿದ್ದಾಳೆ ಅಂತ ಮೆಲ್ಲಗೆ ಲೆಕ್ಕ ಹಾಕಿದಳು. ಆಮೇಲೆ "ಬುಧವಾರ ಆಗಂಗಿಲ್ರಿ ಅಣ್ಣಾರ. ಬುಧವಾರ ಬ್ಯಾರೆಯವರಿಗೆ ಹೇಳೀನಿ. ಶುಕ್ರವಾರ ಅಂದ್ರ ಶುಕ್ರವಾರ ಬರ್ತೀವಿ, ಮುಂಜಾನೆ ಏಳಕ್ಕ ಗದ್ದ್ಯಾಗ ಇರ್ತೀವಿ. ರೊಕ್ಕ ಎಲ್ಲರಿಗೂ ಎಷ್ಟೋ ಅಷ್ಟ ಕೊಡ್ರಿ" ಅಂದಳು. ರೈತನ ಮುಖ ಬಾಡಿತು, ಇನ್ನೊಂದಿಷ್ಟು ಹೇಳಿ ನೋಡಿದ, ಆಕೆ ಜಗ್ಗಲಿಲ್ಲ. ಕೊನೆಗೆ ಅವನು ಶುಕ್ರವಾರಕ್ಕೇ ಒಪ್ಪಿದ. ಆ ಭಾಗದಲ್ಲಿ ನಾಟಿ ಅಂದರೆ ಮೊದಲ ಫೋನು ಆಕೆಗೇ ಹೋಗುತ್ತದೆ. ಆಕೆ ಬರುತ್ತೇನೆ ಅಂದ ಮೇಲೆ ರೈತ ಇನ್ನೊಬ್ಬರನ್ನು ಕೇಳುವ ಗೋಜಿಗೇ ಹೋಗುವುದಿಲ್ಲ.

ಆಕೆ ಮಾಡಿದ್ದನ್ನೇ ನೀವೂ ಮಾಡಿ. ಯಾರಾದರೂ ಏನಾದರೂ ಕೇಳಿದಾಗ ಮನಸ್ಸಿನಲ್ಲೇ ಲೆಕ್ಕ ಹಾಕಿ. ಎಷ್ಟು? ಯಾವ ದಿನದೊಳಗೆ? ಆ ದಿನಕ್ಕೆ ಈಗಾಗಲೇ ಬೇರೆ ಯಾರಿಗೆ ಹೂಂ ಅಂದಿದ್ದೇನೆ? ಲೆಕ್ಕ ಸಿಗದಿದ್ದರೆ "ರಾತ್ರಿ ಮನೆಯಲ್ಲಿ ಕೇಳಿ ನಾಳೆ ಒಂಬತ್ತಕ್ಕೆ ಹೇಳ್ತೀನಿ" ಅನ್ನಿ. ಒಂಬತ್ತಕ್ಕೆ ನೀವೇ ಫೋನ್ ಮಾಡಿ.

4. ಆಗದಿದ್ದರೆ ಆಗುವುದಿಲ್ಲ ಅನ್ನಿ

"ನೋಡೋಣ", "ಆದ್ರ ಮಾಡೋಣ ತಗೋ", "ದೇವರಿಚ್ಛೆ". ಹೇಳುವವರಿಗೆ ಇದು ನಯವಾದ ಇಲ್ಲ. ಕಷ್ಟದಲ್ಲಿರುವವರ ಕಿವಿಗೆ ಅರ್ಧ ಹೂಂ ಆಗಿ ಬೀಳುತ್ತದೆ. ಮಗಳ ಕಾಲೇಜಿನ ಫೀಸಿಗೆ ಅಂತ ಕೇಳಿದವರು ನಿಮ್ಮ "ನೋಡೋಣ" ನಂಬಿ ಒಂದು ವಾರ ಬೇರೆ ಯಾರನ್ನೂ ಕೇಳುವುದಿಲ್ಲ. ಕಡೆಯ ದಿನ ನೀವು ಫೋನ್ ಎತ್ತುವುದಿಲ್ಲ. ಮೊದಲ ದಿನವೇ "ನನ್ನ ಕಡೆ ಈಗ ಆಗಂಗಿಲ್ಲಪ್ಪ, ಬ್ಯಾರೆ ಕಡೆ ನೋಡು" ಅಂದಿದ್ದರೆ ಆ ವಾರ ಉಳಿಯುತ್ತಿತ್ತು. ಆ ಕ್ಷಣ ಇಬ್ಬರಿಗೂ ಮುಜುಗರ ಆಗುತ್ತದೆ, ಆಗಲಿ.

ಜಾಮೀನು ವಿಷಯದಲ್ಲಿ ಇದು ಇನ್ನೂ ಮುಖ್ಯ. "ಸುಮ್ನೆ ಒಂದ್ ಸಹಿ ಅಷ್ಟ" ಅಂತ ಬರುತ್ತಾರೆ. ಅದು ಸುಮ್ನೆ ಸಹಿ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅಂದರೆ ಪೂರ್ತಿ ಸಾಲ. ಸಹಿ ಹಾಕುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ: ಇವನು ಒಂದು ರೂಪಾಯಿಯೂ ಕಟ್ಟದಿದ್ದರೆ ಈ ಹಣ ನಾನು ಕಟ್ಟಲು ತಯಾರಿದ್ದೇನಾ? ತಯಾರಿದ್ದರೆ ಹಾಕಿ, ಆಮೇಲೆ ಗೊಣಗಬೇಡಿ. ಇಲ್ಲದಿದ್ದರೆ ಬೇಡ ಅನ್ನಿ. ಗಂಡ ಜಾಮೀನು ಹಾಕಿ ಬಂದದ್ದು ಹೆಂಡತಿಗೆ ನೋಟಿಸ್ ಬಂದಾಗ ಗೊತ್ತಾಗುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಮನೆಯವರನ್ನು ಕೇಳದೆ ಅವರ ಅನ್ನವನ್ನು ಇನ್ನೊಬ್ಬರ ಸಾಲಕ್ಕೆ ಒತ್ತೆ ಇಡುವ ಹಕ್ಕು ಯಾರಿಗೂ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

5. ಬರೆದಿಡಿ

ಬರೆಸಿಕೊಂಡರೆ ನಂಬಿಕೆ ಇಲ್ಲ ಅಂದಂತೆ ಅಂತ ಬೇಜಾರಾಗುವವರು ಇದ್ದಾರೆ. ಅವರಿಗೆ ಸಮಾಧಾನವಾಗಿ ಹೇಳಿ: ಇದು ನಮ್ಮಿಬ್ಬರ ನೆನಪಿಗೆ. ತಾರೀಖು, ಮೊತ್ತ, ಯಾವಾಗ ವಾಪಸ್, ಇಬ್ಬರ ಸಹಿ. ಕೈಗಡದ ಹಣಕ್ಕೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು. ಆ ಅವಧಿ ಮುಗಿಯುವ ಮುಂಚೆ ಸಾಲಗಾರ ಬಾಕಿ ಇದೆ ಅಂತ ಬರೆದು ಸಹಿ ಹಾಕಿದರೆ ಲೆಕ್ಕ ಮತ್ತೆ ಅಲ್ಲಿಂದ ಶುರುವಾಗುತ್ತದೆ. ಇದನ್ನು ಹೇಳಿದ್ದು ಕೊಟ್ಟವರ ಅನುಕೂಲಕ್ಕೆ. ತೆಗೆದುಕೊಂಡವರು ಮೂರು ವರ್ಷ ಎಣಿಸುತ್ತಾ ಕೂರಬಾರದು. ಕಾನೂನಿನ ಅವಧಿ ಮುಗಿದರೂ ಕೊಟ್ಟ ಮಾತಿನ ಅವಧಿ ಮುಗಿದಿರುವುದಿಲ್ಲ.

6. ತಪ್ಪುತ್ತದೆ ಅಂತ ಗೊತ್ತಾದ ದಿನವೇ ಹೇಳಿ

ಮಳೆ ಕೈ ಕೊಡುತ್ತದೆ, ಭತ್ತದ ರೇಟು ಬೀಳುತ್ತದೆ, ಮನೆಯಲ್ಲಿ ಆಸ್ಪತ್ರೆ ಖರ್ಚು ಬರುತ್ತದೆ. ಎಂಥ ಪ್ರಾಮಾಣಿಕರ ಮಾತೂ ಒಮ್ಮೊಮ್ಮೆ ತಪ್ಪುತ್ತದೆ. ಆಗ ಏನು ಮಾಡುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕಗಳು ನೂರಾರು ಇವೆ. ಒಬ್ಬರು ಕಟಿಂಗ್ ಮಾಡುತ್ತಾರೆ, ಇನ್ನೊಬ್ಬರು ಹೊಲಿಯುತ್ತಾರೆ, ಮತ್ತೊಬ್ಬರ ಕಡೆ ವಾಷಿಂಗ್. ಹೊಲಿಯುವವರು ಎರಡು ದಿನ ತಡ ಮಾಡಿದರೆ ವಾಷಿಂಗಿನವರ ಕೆಲಸ ನಿಲ್ಲುತ್ತದೆ, ಲಾರಿ ತಪ್ಪುತ್ತದೆ, ಕಡೆಗೆ ಪೀಸ್ ಲೆಕ್ಕದಲ್ಲಿ ದುಡಿಯುವ ಹುಡುಗರಿಗೆ ಆ ವಾರದ ಬಟವಾಡೆ ತಪ್ಪುತ್ತದೆ. ಎರಡು ದಿನ ಮುಂಚೆ ಒಂದು ಫೋನ್ ಬಂದಿದ್ದರೆ ಎಲ್ಲರೂ ತಮ್ಮ ತಮ್ಮ ಕೆಲಸ ಹೊಂದಿಸಿಕೊಳ್ಳುತ್ತಿದ್ದರು. ಅದಕ್ಕೇ ತಡ ಆಗುವುದು ಗೊತ್ತಾದ ದಿನವೇ ತಿಳಿಸಿ ಅಂತ ಹೇಳುತ್ತಿರುವುದು.

ಹೇಗೆ ಹೇಳಬೇಕು? ಗೊಬ್ಬರದ ಅಂಗಡಿಗೆ ಸುಗ್ಗಿಯಲ್ಲಿ ಕೊಡುತ್ತೇನೆ ಅಂದಿದ್ದೀರಿ, ಆಗುವುದಿಲ್ಲ ಅಂತ ಈಗಲೇ ಗೊತ್ತಾಗಿದೆ ಅಂತಿಟ್ಟುಕೊಳ್ಳಿ. ಮೆಸೇಜ್ ಹಾಕಿ ಫೋನ್ ಬಂದ್ ಮಾಡಬೇಡಿ. ಎದುರಿಗೆ ಹೋಗಿ, ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ನಿಂತುಕೊಳ್ಳಿ. "ಸಾವ್ಕಾರ್ರ, ಈ ತಿಂಗಳ ಕಡೀಗೆ ಪೂರಾ ಕೊಡ್ತೀನಂತ ಹೇಳಿದ್ದೆ. ಪೂರಾ ಆಗಂಗಿಲ್ಲ. ಈಗ ಇಷ್ಟು ತಂದೀನಿ, ಉಳಿದದ್ದು ಹತ್ತಿ ಮಾರಿದ ಮ್ಯಾಲೆ ಕೊಡ್ತೀನಿ. ಹತ್ತಿ ಬಿಡಿಸೋದು ಮುಂದಿನ ತಿಂಗಳು ಐತಿ." ಇದರಲ್ಲಿ ನಾಲ್ಕು ವಿಷಯ ಇವೆ: ಹೇಳಿದ್ದು ಏನು, ಆಗದ್ದು ಏನು, ಈಗ ಕೈಯಲ್ಲಿ ಎಷ್ಟಿದೆ, ಹೊಸ ದಿನ ಯಾವುದು. ಬರಿಗೈಯಲ್ಲಿ ಹೋಗಬೇಡಿ, ಎಷ್ಟೇ ಸಣ್ಣ ಮೊತ್ತ ಆದರೂ ತೆಗೆದುಕೊಂಡು ಹೋಗಿ. ಅವರು ನಾಲ್ಕು ಮಾತು ಬೈಯಬಹುದು. ಬೈಸಿಕೊಳ್ಳಿ.

ಆದರೆ ಬೈಸಿಕೊಳ್ಳುವುದಕ್ಕೂ ಕಿರುಕುಳ ತಡೆದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಮನೆಗೆ ನುಗ್ಗುವುದು, ಹೆಣ್ಣುಮಕ್ಕಳ ಮುಂದೆ ಕೆಟ್ಟ ಮಾತಾಡುವುದು, ಸಾಮಾನು ಹೊರಗೆ ಹಾಕುವುದು, ಇವುಗಳ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಮೈಕ್ರೋಫೈನಾನ್ಸ್ ಮತ್ತು ಸಣ್ಣ ಸಾಲಗಳ ವಸೂಲಿ ಕುರಿತು ಕಾನೂನು ತಂದಿದೆ. ಅಂಥದ್ದು ನಡೆದರೆ ಪೊಲೀಸ್ ಠಾಣೆಗೆ ಹೋಗಿ. ಸಾಲ ತೀರಿಸಬೇಕು ಅನ್ನುವುದು ನಿಮ್ಮ ಮಾತು. ಅದಕ್ಕಾಗಿ ಮಾನವನ್ನೋ ಪ್ರಾಣವನ್ನೋ ಕೊಡುತ್ತೇನೆ ಅಂತ ನೀವು ಎಂದೂ ಹೇಳಿಲ್ಲ.

7. ಕಣ್ಣಿಗೆ ಕಾಣದವರಿಗೂ ಮಾತು ಕೊಟ್ಟಿರುತ್ತೇವೆ

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ಮಾಡುವ ವಿಷಯ ಇದು.

ತುಂಗಭದ್ರಾ ಜಲಾಶಯ ಶುರುವಾಗಿದ್ದು 1953ರಲ್ಲಿ. ಅದರ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ ಇದ್ದು, ಕೊಪ್ಪಳ ಜಿಲ್ಲೆ ದಾಟಿ ರಾಯಚೂರು ತಾಲ್ಲೂಕಿನವರೆಗೆ ಹೋಗುತ್ತದೆ. ಯೋಜನೆ ಮಾಡಿದಾಗ ಬಹುಪಾಲು ಜಮೀನಿಗೆ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ ಇತ್ತು. ನೀರು ಬಂದ ಮೇಲೆ ಮೇಲ್ಭಾಗದಲ್ಲಿ ಭತ್ತ ಬೆಳೆಯಿತು. ಭತ್ತ ಬೆಳೆದದ್ದರಿಂದ ಗಂಗಾವತಿ, ಸಿಂಧನೂರು ಉದ್ಧಾರವಾದವು, ರೈಸ್ ಮಿಲ್ಲುಗಳು ಬಂದವು, ಅದು ನಿಜ. ಆದರೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ರೈತರು ಪ್ರತಿ ವರ್ಷ ನೀರಿಗಾಗಿ ರಸ್ತೆಗೆ ಇಳಿಯಬೇಕಾಗಿದೆ. ಅವರ ಹೆಸರಿನಲ್ಲೂ ಅದೇ ಕಾಲುವೆಯ ನೀರು ಬರೆದಿದೆ.

ಮೇಲ್ಭಾಗದ ರೈತನಿಗೆ ಕೊನೆ ಭಾಗದವನ ಮುಖ ಪರಿಚಯ ಇರುವುದಿಲ್ಲ. ರಾತ್ರಿ ತೂಬು ಎತ್ತುವಾಗ, ಕಾಲುವೆಗೆ ಪಂಪ್‌ಸೆಟ್ ಇಳಿಸುವಾಗ, ಯಾರ ಮನೆಯ ತುತ್ತು ತೆಗೆಯುತ್ತಿದ್ದೇನೆ ಅಂತ ಕಣ್ಣಿಗೆ ಕಾಣುವುದಿಲ್ಲ. ಪಕ್ಕದ ಹೊಲದವನ ಒಂದು ಚೀಲ ಭತ್ತ ಎಂದೂ ಮುಟ್ಟದ ಮನುಷ್ಯ ಇದನ್ನು ಕಳವು ಅಂತ ಅಂದುಕೊಳ್ಳುವುದೇ ಇಲ್ಲ. ಸರದಿಗೆ ಒಪ್ಪಿ ಸಭೆಯಲ್ಲಿ ತಲೆ ಅಲ್ಲಾಡಿಸಿದ ಮೇಲೆ, ಆ ತಲೆ ಅಲ್ಲಾಡಿಸಿದ್ದು ಕೊನೆ ಭಾಗದವನಿಗೆ ಕೊಟ್ಟ ಮಾತು.

ಏನು ಮಾಡಬಹುದು ಅಂದರೆ, ಸರದಿಯ ದಿನ, ಹೊತ್ತು ಬರೆದು ಮನೆಯ ಗೋಡೆಗೆ ಹಚ್ಚಿ. ನಿಮ್ಮ ಸರದಿ ಮುಗಿದ ಕೂಡಲೇ ನೀವೇ ಹೋಗಿ ತೂಬು ಮುಚ್ಚಿ, ನೀರುಗಂಟಿ ಬಂದು ಹೇಳಲಿ ಅಂತ ಕಾಯಬೇಡಿ. ಗದ್ದೆ ತುಂಬಿದ ಮೇಲೆ ಹೆಚ್ಚಿನ ನೀರನ್ನು ಹಳ್ಳಕ್ಕೆ ಹರಿಯಬಿಡಬೇಡಿ. ನೀರು ಬಳಕೆದಾರರ ಸಂಘ ನಿಮ್ಮ ಊರಲ್ಲಿ ಇದ್ದರೆ ಸಭೆಗೆ ಹೋಗಿ ಮಾತಾಡಿ. ಮತ್ತೆ ಒಮ್ಮೆಯಾದರೂ ನಿಮ್ಮ ಉಪಕಾಲುವೆಯ ತುದಿಯವರೆಗೆ ಬೈಕ್ ಮೇಲೆ ಹೋಗಿ ಬನ್ನಿ. ಅಲ್ಲಿ ಒಣಗಿದ ಮಣ್ಣು ಹೇಗಿದೆ ನೋಡಿ, ಆ ಹೊಲದವರ ಜೊತೆ ಕೂತು ಒಂದು ಚಹಾ ಕುಡಿಯಿರಿ, ಅವರ ಫೋನ್ ನಂಬರ್ ತೆಗೆದುಕೊಳ್ಳಿ. ಮುಖ ಪರಿಚಯ ಆದ ಮೇಲೆ ರಾತ್ರಿ ತೂಬಿಗೆ ಕೈ ಹಾಕುವುದು ಅಷ್ಟು ಸುಲಭ ಆಗುವುದಿಲ್ಲ.

8. ಮಕ್ಕಳಿಗೆ ಸುಳ್ಳು ಆಸೆ ತೋರಿಸಬೇಡಿ

ಅಳು ನಿಲ್ಲಿಸಲಿ ಅಂತ "ಸಂಜಿಗೆ ಐಸ್‌ಕ್ರೀಮ್ ತರ್ತೀನಿ" ಅನ್ನುತ್ತೇವೆ. ಸಂಜೆ ಮಗು ಬಾಗಿಲಿಗೆ ಬಂದು ಕೈ ನೋಡುತ್ತದೆ. ತರುವಂತಿದ್ದರೆ ಹೇಳಿ, ಇಲ್ಲದಿದ್ದರೆ ಅಳಲಿ ಬಿಡಿ, ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಮನೆಗೆ ಸಾಲದವರು ಬಂದಾಗ "ಅಪ್ಪ ಇಲ್ಲ ಅಂತ ಹೇಳು" ಅಂತ ಮಗುವನ್ನು ಮುಂದೆ ಬಿಡುವುದಂತೂ ಬೇಡವೇ ಬೇಡ. ನೀವೇ ಹೊರಗೆ ಬಂದು ಮಾತಾಡಿ.

9. ಮುರಿಯಲೇಬೇಕಾದ ಮಾತುಗಳೂ ಇವೆ

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಇನ್ನೊಬ್ಬರ ಬದುಕನ್ನು ಕೊಡುತ್ತೇನೆ ಅಂತ ಕೊಟ್ಟ ಮಾತು ಮಾತೇ ಅಲ್ಲ.

"ಕೂಸಿದ್ದಾಗ್ಲೇ ನಮ್ಮಕ್ಕನ ಮಗನಿಗೆ ಕೊಡ್ತೀವಂತ ಮಾತಾಗ್ಯದ" ಅಂತ ಒಂಬತ್ತನೇ ತರಗತಿ ಹುಡುಗಿಯನ್ನು ಮದುವೆ ಮಾಡಲು ಕೂರುತ್ತಾರೆ. ಹಿರಿಯರ ಮಾತು ಹೋಗುತ್ತದೆ ಅನ್ನುತ್ತಾರೆ. ಹೋಗಲಿ. ಆ ಮಾತು ಕೊಟ್ಟವರು ಅಪ್ಪ ಅಮ್ಮ, ಅದನ್ನು ತೀರಿಸಬೇಕಾದವಳು ಆ ಹುಡುಗಿ. ಇದು ಯಾವ ನ್ಯಾಯ? 2006ರ ಕಾಯ್ದೆ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ಆಗದೆ ಮದುವೆ ಮಾಡುವಂತಿಲ್ಲ. ಅಂಥ ಮದುವೆ ನಡೆಯುವುದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಾಗೆಯೇ ಹುಷಾರಿಲ್ಲದಾಗ ಹೊತ್ತ ಹರಕೆ ಅಂತ ಹೆಣ್ಣು ಮಗುವನ್ನು ದೇವರಿಗೆ ಬಿಡುವುದು. ನಮ್ಮ ಮೂರೂ ಜಿಲ್ಲೆಗಳು ಈ ಪದ್ಧತಿಯಿಂದ ಪಟ್ಟ ನೋವು ಸಣ್ಣದಲ್ಲ. 1982ರಲ್ಲೇ ಅದನ್ನು ನಿಷೇಧಿಸುವ ಕಾಯ್ದೆ ಬಂದಿದೆ. ಹರಕೆ ತೀರಿಸಬೇಕು ಅನ್ನುವವರು ತಮ್ಮ ಕೈಲಾದ್ದನ್ನು ತಾವು ಕೊಡಲಿ, ರೊಟ್ಟಿ ಕೊಡಲಿ, ಸೇವೆ ಮಾಡಲಿ.

ಚುನಾವಣೆಯಲ್ಲಿ ದುಡ್ಡು ಕೊಟ್ಟು ದೇವರ ಮೇಲೆ ಆಣೆ ಮಾಡಿಸಿಕೊಳ್ಳುವುದೂ ಇದೇ ಜಾತಿಯದು. ದುಡ್ಡು ಮುಟ್ಟಬೇಡಿ. ಆಣೆ ಮಾಡಿಬಿಟ್ಟಿದ್ದರೂ ಅದಕ್ಕೆ ಹೆದರಬೇಕಿಲ್ಲ, ನಿಮಗೆ ಸರಿ ಕಂಡವರಿಗೆ ಹಾಕಿ.

ಇಂಥ ಮಾತು ಮುರಿಯುವಾಗಲೂ ತಪ್ಪಿಸಿಕೊಂಡು ಓಡಾಡಬೇಡಿ. ಬೀಗರ ಮನೆಗೆ ಹೋಗಿ ಕೂತು, "ಅವತ್ತು ನಾವು ಹೇಳಿದ್ದು ತಪ್ಪು. ಹುಡುಗಿ ಓದ್ತಾಳ. ಮುಂದೆ ಆಕೀನೇ ಹೇಳ್ಬೇಕು" ಅಂತ ನೇರವಾಗಿ ಹೇಳಿ.

10. ನಿಮಗೆ ಮಾತು ಕೊಟ್ಟವರು ತಪ್ಪಿದರೆ

ಮೊದಲು ಕೇಳಿ. ನಾಲ್ಕು ಜನರ ಮುಂದೆ, ಚಹಾ ಅಂಗಡಿಯಲ್ಲಿ ಬೇಡ, ಒಬ್ಬರೇ ಸಿಕ್ಕಾಗ ಕೇಳಿ. "ಯಾಕಪ್ಪ ತಮ್ಮ, ಏನ್ ತ್ರಾಸ ಆಗೇತಿ?" ಅಂತ ಶುರು ಮಾಡಿ. ನಿಜವಾಗಿಯೂ ಕಷ್ಟ ಇದ್ದವರು ಅಷ್ಟಕ್ಕೇ ಬಾಯಿ ಬಿಡುತ್ತಾರೆ. ಕೇಳದೆ ಒಳಗೊಳಗೆ ಸಿಟ್ಟು ಇಟ್ಟುಕೊಂಡು ಊರಲ್ಲೆಲ್ಲ ಆಡಿಕೊಂಡು ಬಂದರೆ ಹಣವೂ ಬರುವುದಿಲ್ಲ, ಸಂಬಂಧವೂ ಉಳಿಯುವುದಿಲ್ಲ.

ಹೊಸ ದಿನ ಅವರ ಬಾಯಿಂದಲೇ ಬರಲಿ. ನೀವು "ಸೋಮವಾರ ಕೊಡ್ತೀಯಾ?" ಅಂದರೆ ಅವರು ಹೂಂ ಅಂದೇ ಅನ್ನುತ್ತಾರೆ, ಅದು ನಿಮ್ಮ ದಿನ ಆಯಿತು. "ಯಾವಾಗ ಆಗ್ತೈತಿ, ನೀನೇ ಹೇಳು, ಅವಸರ ಇಲ್ಲ" ಅನ್ನಿ. ಅವರು ಹೇಳಿದ್ದನ್ನು ಅವರ ಮುಂದೆಯೇ ಬರೆದುಕೊಳ್ಳಿ. ದೊಡ್ಡ ಮೊತ್ತ ಆದರೆ ಕಂತು ಮಾಡಿಕೊಡಿ.

ಕೊಡಲು ಶಕ್ತಿ ಇದ್ದೂ ಆಟ ಆಡಿಸುವವರು ಬೇರೆ. ಅವರ ಹತ್ತಿರ ಮೆತ್ತಗೆ ಇರಬೇಕಾಗಿಲ್ಲ. ಬರೆದಿಟ್ಟದ್ದು ತೆಗೆದು ಹಿರಿಯರ ಮುಂದೆ ಇಡಿ, ಅಲ್ಲಿಯೂ ಆಗದಿದ್ದರೆ ವಕೀಲರನ್ನು ನೋಡಿ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಕೂಲಿ ಬಾಕಿ ಉಳಿದವರು, ತವರಿನಲ್ಲಿ ಮೋಸ ಹೋದವರು ಯಾರಾದರೂ ನಿಮಗೆ ಗೊತ್ತಿದ್ದರೆ ವಿಳಾಸ ಹೇಳಿ ಸುಮ್ಮನಾಗಬೇಡಿ, ಮೊದಲ ದಿನ ಅವರ ಜೊತೆ ನೀವೂ ಆ ಕಚೇರಿಯ ಬಾಗಿಲವರೆಗೆ ಹೋಗಿ.